ಬೇಲಿಯೊಳಗಿನ ಪರದೇಶ

ಅಮೆರಿಕದಲ್ಲಿ ಕಾರು ಕಾರ್ಖಾನೆ ದೊಡ್ಡದು ಮಾಡಬೇಕೆನ್ನುವವರು ಮೊದಲು ಅಮೆರಿಕ ಬಿಟ್ಟು ಹೊರಡಬೇಕು. ವೀಸಾ, ವಿಮಾನ ಏನೂ ಬೇಡ. ಒಂದು ನಕ್ಷೆ, ಸುತ್ತ ಒಂದು ಬೇಲಿ, ಕಸ್ಟಮ್ಸ್‌ಗೆ ಒಂದು ಬಾಂಡು, ಕೈಗೊಂದು ಅನುಮತಿ ಪತ್ರ. ಇಷ್ಟಾದರೆ ಸುಂಕದ ಮಟ್ಟಿಗೆ ನಿಂತ ಜಾಗವೇ ಪರದೇಶ. 1934ರ ಫಾರಿನ್ ಟ್ರೇಡ್ ಝೋನ್ (ವಿದೇಶಿ ವ್ಯಾಪಾರ ವಲಯ) ಕಾಯ್ದೆ ಕರುಣಿಸಿದ ಸೌಲಭ್ಯ ಇದು. ದಕ್ಷಿಣ ಕೆರೊಲಿನಾದ ಸ್ಪಾರ್ಟನ್‌ಬರ್ಗ್‌ನಲ್ಲಿ ಬಿಎಂಡಬ್ಲ್ಯು, ಅಲಬಾಮದ ವ್ಯಾನ್ಸ್‌ನಲ್ಲಿ ಮರ್ಸಿಡಿಸ್ ಕಾರು ಜೋಡಿಸುವುದು ಇಂಥ ಸಬ್‌ಝೋನ್‌ಗಳಲ್ಲೇ, ಅಂದರೆ ಒಂದೊಂದು ಕಂಪನಿಗೆಂದೇ ಗುರುತಿಸಿದ ಉಪವಲಯಗಳಲ್ಲೇ. ಅಲ್ಲಿನ ಕಾರ್ಮಿಕನಿಗೆ ಅಮೆರಿಕದ ಆದಾಯ ತೆರಿಗೆ, ಅಮೆರಿಕದ ಪೊಲೀಸು, ಅಮೆರಿಕದ ಟ್ರಾಫಿಕ್ಕು. ಅವನ ಕೈಯಲ್ಲಿರುವ ಬೋಲ್ಟು ಮಾತ್ರ ಇನ್ನೂ ದೇಶದೊಳಕ್ಕೆ ಬಂದಿಲ್ಲ.

ಯಾಕಿಷ್ಟು ಕಸರತ್ತು ಎಂದರೆ ಸುಂಕದ ಪಟ್ಟಿ ನೋಡಿ. ಪೂರ್ತಿ ಕಾರಿಗೆ ಮೂಲ ಸುಂಕ ಶೇ 2.5. ಅದೇ ಕಾರಿನೊಳಗಿನ ತಂತಿಗಳ ಕಟ್ಟಾದ ವೈರಿಂಗ್ ಹಾರ್ನೆಸ್‌ಗೆ ಶೇ 5. ಸಾಮಾನ್ಯ ಬಾಲ್ ಬೇರಿಂಗ್‌ಗೆ ಶೇ 9. ಮೂಗಿಗಿಂತ ಮೂಗುತಿ ಭಾರ. ಪರದೇಶದಲ್ಲೇ ಕಾರು ಜೋಡಿಸಿ ಹಡಗು ಹತ್ತಿಸಿದವನು ಹಾರ್ನೆಸ್‌ನ ಮೇಲೆ ಕಡಿಮೆ ಕಟ್ಟುತ್ತಾನೆ. ಅಮೆರಿಕಕ್ಕೇ ಬಂದು ಸಾವಿರಾರು ಜನಕ್ಕೆ ಕೆಲಸ ಕೊಟ್ಟವನು ದುಪ್ಪಟ್ಟು ಕಟ್ಟುತ್ತಾನೆ. ಬೇರೆ ಯಾರಾದರೂ ಆಗಿದ್ದರೆ ಪಟ್ಟಿಯನ್ನು ತಿದ್ದುತ್ತಿದ್ದರು. ವಾಷಿಂಗ್ಟನ್ ಪಟ್ಟಿಯನ್ನು ಹಾಗೇ ಬಿಟ್ಟು, ಕಾರ್ಖಾನೆಯನ್ನೇ ಗಡಿಯಾಚೆ ಎಂದು ಘೋಷಿಸಿತು.

ಇದು ಒಂದೇ ದಿನದಲ್ಲಿ ಆದದ್ದಲ್ಲ. ಮೊದಲ ಕಾಯ್ದೆಯಲ್ಲಿ ವಲಯದೊಳಗೆ ತಯಾರಿಕೆಗೆ ಅವಕಾಶವೇ ಇರಲಿಲ್ಲ, ತಿದ್ದುಪಡಿ ಬಂದದ್ದು 1950ರಲ್ಲಿ. ವಲಯದೊಳಗೆ ಸೇರಿದ ಕೂಲಿ, ಖರ್ಚು, ಲಾಭದ ಮೇಲೆ ಸುಂಕ ಬೇಡ ಎಂದು ಕಸ್ಟಮ್ಸ್ ಒಪ್ಪಿದ್ದು 1980ರಲ್ಲಿ. ಅಲ್ಲಿಂದ ಕಾರು ಕಂಪನಿಗಳ ಸಾಲು ಶುರು. ಆಗಿನ ಲೆಕ್ಕ ಸರಳ: ಒಂದು ಕಾರಿಗೆ 400 ಡಾಲರಿನ ಆಮದು ಹಾರ್ನೆಸ್ ಬೇಕೆಂದುಕೊಳ್ಳಿ. ಬಂದರಿನಲ್ಲೇ ಕಟ್ಟಿದರೆ 20 ಡಾಲರ್, ಕಾರಾಗಿ ಬೇಲಿ ದಾಟಿದ ಮೇಲೆ ಕಟ್ಟಿದರೆ 10. ವರ್ಷಕ್ಕೆ ಒಂದು ಲಕ್ಷ ಕಾರು ಮಾಡುವವರಿಗೆ ಹಾರ್ನೆಸ್ ಒಂದರಲ್ಲೇ 10 ಲಕ್ಷ ಡಾಲರ್ ಉಳಿತಾಯ. ನಮ್ಮ ದೇಶದ ಎಸ್‌ಇಝಡ್ (ವಿಶೇಷ ಆರ್ಥಿಕ ವಲಯ) ಕಾಯ್ದೆಯೂ ವಲಯವನ್ನು ಕಸ್ಟಮ್ಸ್ ಗಡಿಯಾಚೆಯ ನೆಲ ಎಂದೇ ಕರೆಯುತ್ತದೆ. ಆದರೆ ಅಲ್ಲಿಂದ ದೇಶದೊಳಕ್ಕೆ ಕಾರು ತಂದರೆ ಆಮದು ಕಾರಿನ ದರವನ್ನು ಇಡೀ ಕಾರಿನ ಬೆಲೆಗೆ ಹಾಕುತ್ತಾರೆ. ಆದ್ದರಿಂದ ಅಮೆರಿಕದ ಈ ಚಮತ್ಕಾರವನ್ನು ಯಾರೂ ಬಿಡದಿಯಲ್ಲಿ ಪ್ರಯೋಗ ಮಾಡಲು ಹೋಗಬೇಡಿ.

ಇನ್ನು ಬಾಗಿಲಲ್ಲಿ ಪ್ರತಿ ಬಿಡಿಭಾಗದ ಕುಲಗೋತ್ರ ಕೇಳುತ್ತಾರೆ. ಫಾರಂ 214ರಲ್ಲಿ ಬರೆಯಬೇಕು: ನಾನ್‌ಪ್ರಿವಿಲೇಜ್ಡ್ ಫಾರಿನ್ ಆದರೆ ಹೊರಹೋಗುವಾಗಿನ ರೂಪಕ್ಕೆ ಸುಂಕ, ಪ್ರಿವಿಲೇಜ್ಡ್ ಫಾರಿನ್ ಆದರೆ ಒಳಬಂದ ರೂಪಕ್ಕೆ, ಬಂದ ದಿನದ ದರಕ್ಕೇ ಬೀಗ. ಮೇಲ್ನೋಟಕ್ಕೆ ಮೊದಲನೆಯದೇ ಲಾಭ. ಅದೇ ಕಾರ್ಖಾನೆಯಲ್ಲಿ ಪಿಕಪ್ ಟ್ರಕ್ಕೂ ಮಾಡಿದರೆ ಕಥೆ ಬದಲು. ಪಿಕಪ್‌ಗೆ ಮೂಲ ಸುಂಕ ಶೇ 25, ಎಂಜಿನ್‌ಗೆ 2.5. 2025ರ ತನಕ ಎಸ್‌ಯುವಿಗೆ ಹೋಗುವ ಎಂಜಿನ್‌ಗೆ ಒಂದು ಗೋತ್ರ, ಪಕ್ಕದ ಲೈನಿನ ಪಿಕಪ್‌ಗೆ ಹೋಗುವ ಅದೇ ಎಂಜಿನ್‌ಗೆ ಇನ್ನೊಂದು. ಅದನ್ನೂ ಜೋಡಣೆ ಶುರುವಾಗುವ ಮುಂಚೆಯೇ ನಿರ್ಧರಿಸಬೇಕಿತ್ತು. ಟ್ರಕ್‌ಗೆ ಬೋಲ್ಟ್ ಬಿಗಿದಾದ ಮೇಲೆ ಜ್ಞಾನೋದಯವಾದರೆ ಎಂಜಿನ್‌ಗೂ ಶೇ 25. ಅಂದ ಹಾಗೆ ಈ ಶೇ 25 ಬಂದದ್ದು ಕೋಳಿಯಿಂದ. ಯುರೋಪಿನವರು ಅಮೆರಿಕದ ಕೋಳಿ ಮಾಂಸಕ್ಕೆ ಸುಂಕ ಏರಿಸಿದರೆಂದು ಅಧ್ಯಕ್ಷ ಜಾನ್ಸನ್ ಆಲೂಗಡ್ಡೆ ಪಿಷ್ಟ, ಡೆಕ್ಸ್ಟ್ರಿನ್, ಬ್ರಾಂದಿ ಮತ್ತು ಟ್ರಕ್ಕುಗಳ ಮೇಲೆ ಸೇಡು ತೀರಿಸಿಕೊಂಡರು. ಜಾರಿಯಾದದ್ದು 1964ರಲ್ಲಿ. ಉಳಿದ ಮೂರು ಎಂದೋ ಬಿಡುಗಡೆಯಾದವು, ಟ್ರಕ್ಕು ಇನ್ನೂ ಕೋಳಿಯ ಋಣ ತೀರಿಸುತ್ತಿದೆ.

ಈಗ ವಿಸ್ತರಣೆಗೆ ಬರೋಣ. ಹೊಸ ಶೆಡ್ ಹಳೆಯ ನಕ್ಷೆಯ ಗೆರೆಯಾಚೆ ಬಿದ್ದರೆ ಗಡಿ ತಿದ್ದಬೇಕು, ಆಮೇಲೆ ಆ ಶೆಡ್ಡನ್ನು ಕಸ್ಟಮ್ಸ್‌ನ ಪೋರ್ಟ್ ಡೈರೆಕ್ಟರ್ ಹತ್ತಿರ ಬೇರೆಯಾಗಿ ಆ್ಯಕ್ಟಿವೇಟ್ ಮಾಡಿಸಬೇಕು. ಗೋಡೆ ಎದ್ದು, ರೋಬಾಟ್ ಬಂದು, ಪೇಂಟ್ ಒಣಗಿದ್ದರೂ ಆ ಕಾಗದ ಬರುವ ತನಕ ಶೆಡ್ಡು ಅಮೆರಿಕದಲ್ಲೇ ಸಿಕ್ಕಿಕೊಂಡಿರುತ್ತದೆ. ನಕ್ಷೆಯಲ್ಲಿ ಇದೆ ಎಂದ ಮಾತ್ರಕ್ಕೆ ಹೊಸ ಶೆಡ್ಡಿಗೆ ವಿದೇಶಿ ಸರಕು ಇಳಿಸಿ, ಆಡಿಟ್‌ನಲ್ಲಿ ತಲೆ ತಗ್ಗಿಸುವುದು ಈ ಕ್ಷೇತ್ರದ ಹಳೆಯ ಸಂಪ್ರದಾಯ.

ನಿಜವಾದ ರಸ ಇರುವುದು ಅನುಮತಿಯ ಪಟ್ಟಿಯಲ್ಲಿ. ಅದರಲ್ಲಿಲ್ಲದ ಹೊಸ ಬಗೆಯ ವಾಹನ ಅಥವಾ ಹೊಸ ವಿದೇಶಿ ಬಿಡಿಭಾಗ ಎಂದರೆ ಝೋನ್ ಮಂಡಳಿಗೆ ಪ್ರೊಡಕ್ಷನ್ ನೋಟಿಫಿಕೇಷನ್ ಕೊಡಬೇಕು. ಪ್ರತಿಯೊಂದಕ್ಕೂ ಆರಂಕಿಯ ಸುಂಕ ಸಂಕೇತ. ಪ್ಲಾಸ್ಟಿಕ್ ಮುಚ್ಚಳ, ತಂತಿ ತೂರುವ ರಂಧ್ರಕ್ಕೆ ಹಾಕುವ ರಬ್ಬರ್ ಗ್ರಾಮೆಟ್, ಉಕ್ಕಿನ ವಾಷರ್, ಕನ್ನಡಿಯ ಕಾಲು, ಎಲ್ಲವೂ ಸರ್ಕಾರದ ಅಧಿಕೃತ ಗೆಜೆಟ್ ಆದ ಫೆಡರಲ್ ರಿಜಿಸ್ಟರ್‌ನಲ್ಲಿ ಅಚ್ಚಾಗುತ್ತವೆ. ಆಮೇಲೆ ವಾಷರ್ ಕುರಿತು ಸಾರ್ವಜನಿಕರ ಅಭಿಪ್ರಾಯಕ್ಕೆ 40 ದಿನ. ಒಟ್ಟು ನಿರ್ಧಾರಕ್ಕೆ 120 ದಿನ. ಮಂಡಳಿಗೆ ಸಮಾಧಾನವಾಗದಿದ್ದರೆ ಪೂರ್ಣ ಅರ್ಜಿ ಹಾಕಿ ಎನ್ನುತ್ತದೆ, ಆಗ ವರ್ಷದ ಮಾತು. ಮಂಡಳಿಯ ಸದಸ್ಯರು ಇಬ್ಬರು, ವಾಣಿಜ್ಯ ಸಚಿವರು ಮತ್ತು ಹಣಕಾಸು ಸಚಿವರು. ಒಂದು ಮಹಾಶಕ್ತಿ ರಾಷ್ಟ್ರ ಇಬ್ಬರು ಸಚಿವರ ಹೆಸರಿನಲ್ಲಿ ಗ್ರಾಮೆಟ್ಟಿನ ಭವಿಷ್ಯ ತೀರ್ಮಾನಿಸುತ್ತದೆ.

ಎಡವುವುದು ಇಲ್ಲೇ. ಡಿಸೈನ್ ವಿಭಾಗದವರು ತಿಂಗಳಿಗೊಂದು ಬದಲಾವಣೆ ಮಾಡುತ್ತಾರೆ, ಸುಂಕದ ವಿಭಾಗಕ್ಕೆ ಹೇಳುವುದಿಲ್ಲ. ವೈರ್‌ಲೆಸ್ ಚಾರ್ಜಿಂಗ್ ಪ್ಯಾಡ್ ಪಟ್ಟಿಯಲ್ಲಿಲ್ಲ ಎಂದು ಗೊತ್ತಾಗುವ ಹೊತ್ತಿಗೆ ಅದು ಡ್ಯಾಶ್‌ಬೋರ್ಡ್‌ನಲ್ಲಿ ಕೂತಿರುತ್ತದೆ. ಅನುಮತಿ ಬರುವ ತನಕ ಅದಕ್ಕೆ ಸುಂಕ ಕಟ್ಟಿಯೇ ಒಳಗೆ ತರಬೇಕಿತ್ತು. ಸೀಟಿನ ಬಟ್ಟೆ, ಕಾರ್ಪೆಟ್‌ಗಳಿಗೆ ಮಂಡಳಿ ಅನೇಕ ಸಲ ಬೇರೆ ಷರತ್ತು ಹಾಕುತ್ತದೆ: ಪ್ರಿವಿಲೇಜ್ಡ್ ಆಗಿಯೇ ಬರಲಿ, ಉಳಿತಾಯ ಬೇಡ. ಜವಳಿ ಗಿರಣಿಯವರ ದನಿ ಬೇರಿಂಗ್‌ನವರಿಗಿಂತ ದೊಡ್ಡದು.

ವಾರದ ಎಂಟ್ರಿಯೂ, ಅಂದರೆ ಕಸ್ಟಮ್ಸ್‌ಗೆ ಕೊಡುವ ವಾರದ ಸುಂಕ ಘೋಷಣೆಯೂ ಉಂಟು. ಮುಂದಿನ ವಾರ ಎಷ್ಟು ಕಾರು ಬೇಲಿ ದಾಟುತ್ತವೆ ಎಂದು ಮೊದಲೇ ಅಂದಾಜು ಹೇಳಿದರೆ ಸಂಸ್ಕರಣಾ ಶುಲ್ಕ ವಾರಕ್ಕೊಮ್ಮೆ, ಅದಕ್ಕೂ ಗರಿಷ್ಠ ಮಿತಿ. ಅಂದಾಜಿಗಿಂತ ಹೆಚ್ಚು ಕಾರು ಆದರೆ ಹೆಚ್ಚಿನವು ಹೊರಡುವ ಮುಂಚೆ ಮತ್ತೊಂದು ಎಂಟ್ರಿ. ಉತ್ಪಾದನೆ ಹೆಚ್ಚಿಸಿ ಎಂದು ಕಾರ್ಖಾನೆಯ ಗೋಡೆಯ ಮೇಲೆ ಬರೆದಿರುತ್ತಾರೆ. ಶುಕ್ರವಾರ ಹೆಚ್ಚಾದರೆ ಸುಂಕ ವಿಭಾಗದವರು ಬೈಯುತ್ತಾರೆ.

2025ರಲ್ಲಿ ಇದಕ್ಕೆಲ್ಲ ಕಲಶ. ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಸುಂಕ ಹಾಕಲು ಬಿಡುವ ಸೆಕ್ಷನ್ 232ರಡಿ ಆಮದು ಕಾರುಗಳಿಗೆ ಏಪ್ರಿಲ್ 3ರಿಂದ, ಬಿಡಿಭಾಗಗಳಿಗೆ ಮೇ 3ರಿಂದ ಶೇ 25 ಹೊಸ ಸುಂಕ. ಜಪಾನ್, ಯುರೋಪಿನವರಿಗೆ ಆಮೇಲೆ ಒಪ್ಪಂದವಾಗಿ ಒಟ್ಟು 15. ಜೊತೆಗೊಂದು ಸಾಲು: ಈ ಸುಂಕದ ಸರಕು ಝೋನ್‌ಗೆ ಬರುವಾಗ ಪ್ರಿವಿಲೇಜ್ಡ್ ಫಾರಿನ್ ಆಗಿಯೇ ಬರತಕ್ಕದ್ದು. ಅಂದರೆ ಕಾರಾಗಿ ರೂಪಾಂತರವಾದರೂ ಗೇರ್‌ಬಾಕ್ಸ್ ಗೇರ್‌ಬಾಕ್ಸೇ. ಬೇಲಿ, ನಕ್ಷೆ, ಬಾಂಡು, 120 ದಿನ ಎಲ್ಲ ಹಾಗೇ ಇವೆ. ಇವೆಲ್ಲ ಯಾವುದಕ್ಕಾಗಿ ಹುಟ್ಟಿದ್ದವೋ ಆ ಲಾಭ ದೊಡ್ಡ ದೊಡ್ಡ ಭಾಗಗಳಲ್ಲೇ ಹೋಯಿತು. ಕೊರತೆ ತುಂಬಲು ಅಮೆರಿಕದಲ್ಲಿ ಜೋಡಿಸಿದ ಕಾರಿನ ಚಿಲ್ಲರೆ ಬೆಲೆಯ ಶೇ 3.75ರಷ್ಟನ್ನು ಬಿಡಿಭಾಗಗಳ ಸುಂಕದಲ್ಲಿ ರಿಯಾಯಿತಿ ಕೊಡುತ್ತಾರೆ, ಅದಕ್ಕೆ ಬೇರೆ ಇಲಾಖೆಯಲ್ಲಿ ಬೇರೆ ಅರ್ಜಿ. ಕಸ್ಟಮ್ಸ್ ಕಣ್ಣಿಗೆ ಅಮೆರಿಕದಾಚೆ ಇರುವ ಕಾರ್ಖಾನೆ, ಅಮೆರಿಕದೊಳಗೇ ಇದ್ದೇನೆ ಎಂದು ಅಲ್ಲಿ ರುಜುವಾತು ಮಾಡಬೇಕು.

ಹಾಗಾದರೆ ಇವತ್ತು ವಿಸ್ತರಣೆಗೆ ಅರ್ಜಿ ಹಾಕಬಾರದೇ? ಹಾಕಬಹುದು. ಕಾರು ಹೊರಹೋಗುವ ತನಕ ಸುಂಕ ಕಟ್ಟಬೇಕಿಲ್ಲ, ಬಡ್ಡಿ ಉಳಿಯುತ್ತದೆ. ಕೆನಡಾ, ಮೆಕ್ಸಿಕೊದಂಥ ಕೆಲವನ್ನು ಬಿಟ್ಟು ಬೇರೆ ದೇಶಗಳಿಗೆ ರಫ್ತು ಮಾಡಿದರೆ ಸುಂಕವೇ ಇಲ್ಲ. ರಫ್ತು ಇಲ್ಲದವರು ಗುಜರಿಯ ಕಡೆ ಗಮನ ಕೊಡಲಿ. ಕಾರ್ಖಾನೆಯೊಳಗೆ ನೆಗ್ಗಿದ ಆಮದು ಡೋರ್ ಪ್ಯಾನೆಲ್ಲನ್ನು ಫಾರಂ 216 ಹಾಕಿ, ಅನುಮತಿ ಪಡೆದು, ನಾಶ ಮಾಡಿದರೆ ಅದರ ಸುಂಕ ಪೂರ್ತಿ ಮಾಫಿ. ಅದೇ ಪ್ಯಾನೆಲ್ ಯಾರದೋ ಪಿಕಪ್‌ನಲ್ಲಿ ಗೇಟು ದಾಟಿ ಕಾಣೆಯಾದರೆ, ದೇಶದೊಳಗೆ ಬಂತೆಂದು ಲೆಕ್ಕ ಹಿಡಿದು ಕಾರ್ಖಾನೆಯಿಂದಲೇ ವಸೂಲಿ.