ಸ್ಪಷ್ಟನೆ: ಇಲಿ ಈಜಿದ ಮಾತ್ರಕ್ಕೆ ಒಂದೆಲಗ ಖಿನ್ನತೆಯ ಮದ್ದಾಗದು

“ಒಂದೆಲಗದ ಸಾರದಿಂದ ಇಲಿಗಳ ಖಿನ್ನತೆ ವಾಸಿಯಾಗಿದೆ, ಇನ್ನು ಮಾತ್ರೆ ಬೇಡ” ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು, ಅಪಾಯಕಾರಿ ಕೂಡ.

ಇಂಥ ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸುವುದು 1977ರಲ್ಲಿ ವಿಜ್ಞಾನಿ ಪೋರ್ಸೋಲ್ಟ್ ರೂಪಿಸಿದ ಈಜು ಪರೀಕ್ಷೆಯನ್ನು. ಸುಮಾರು 25 ಡಿಗ್ರಿಯ ನೀರು ತುಂಬಿದ ಗಾಜಿನ ಸಿಲಿಂಡರಿಗೆ ಸಣ್ಣ ಇಲಿಯನ್ನು 6 ನಿಮಿಷ ಬಿಡುತ್ತಾರೆ. ಕೊನೆಯ 4 ನಿಮಿಷಗಳಲ್ಲಿ ಅದು ಒದ್ದಾಡದೆ, ಮೂಗಷ್ಟೇ ಮೇಲಿಟ್ಟು ತೇಲಿದ ಸೆಕೆಂಡುಗಳನ್ನು ಎಣಿಸುತ್ತಾರೆ. ಖಿನ್ನತೆಯ ಔಷಧಿಯಾದ ಇಮಿಪ್ರಮೈನ್ ಕೊಟ್ಟ ಗುಂಪಿನಂತೆ, ಸಾರ ಕೊಟ್ಟ ಇಲಿಯಲ್ಲೂ ತೇಲುವ ಹೊತ್ತು ಕಡಿಮೆಯಾದರೆ, ಸಾರಕ್ಕೆ ಅಂಥ ಗುಣ ಇರಬಹುದೆಂಬ ಸುಳಿವು, ಅಷ್ಟೇ. ಆ ಇಲಿಗೆ ಖಿನ್ನತೆ ಇತ್ತೆಂದು ಹೇಳುವಂತಿಲ್ಲ.

ಬರೀ ಚುರುಕು ಹೆಚ್ಚಿಸುವ ಕೆಫೀನ್ ಕೊಟ್ಟರೂ ಇಲಿ ಹೆಚ್ಚು ಈಜುತ್ತದೆ! ಹಾಗಾಗಿ ತೆರೆದ ಪೆಟ್ಟಿಗೆಯಲ್ಲಿ ಅದರ ಓಡಾಟವನ್ನೂ ಅಳೆಯದ ವರದಿಗೆ ಬೆಲೆಯಿಲ್ಲ. ನೀರಿನ ಬಿಸಿ ಏರುಪೇರಾದರೂ ಎಣಿಕೆ ಕೆಡುತ್ತದೆ.

ಇನ್ನು ಪ್ರಮಾಣ. ಸಣ್ಣ ಇಲಿಗೆ ಕಿಲೋ ತೂಕಕ್ಕೆ 200 ಮಿ.ಗ್ರಾಂ ಕೊಟ್ಟಿದ್ದರೆ, ಅದರ ಪ್ರಮಾಣವನ್ನು ಮನುಷ್ಯನ ಪ್ರಮಾಣಕ್ಕೆ ಬದಲಿಸುವ ಅಂಕಿಯಾದ 12.3ರಿಂದ ಭಾಗಿಸಿದಾಗ 60 ಕಿಲೋ ಮನುಷ್ಯನಿಗೆ ಸುಮಾರು 975 ಮಿ.ಗ್ರಾಂ ಆಗುತ್ತದೆ. ಅದೂ ಒಣಗಿಸಿದ ಸಾರದ ಲೆಕ್ಕ. ತಂಬುಳಿಗೆ ಅರೆಯುವ ಹಿಡಿ ಎಲೆಗೆ ಅನ್ವಯಿಸದು.

ತಂಬುಳಿ ಖುಷಿಯಿಂದ ಉಣ್ಣಿ. ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು ಕಾಡಬಹುದು, ಖಿನ್ನತೆಯೂ ಮರುಕಳಿಸಬಹುದು.