ಕೊನೆಯ ದಿನಗಳನ್ನು ಓಡಿ ಮುಗಿಸಬೇಡಿ

ಐಲ್ ರಾಯಲ್‌ನಿಂದ ವಾಪಸ್ ಬಂದು ಒಂದು ವಾರ ಆಯ್ತು. ಕಾಲಿನ ಬೊಬ್ಬೆಗಳು ಒಣಗಿವೆ. ಮನಸ್ಸು ಮಾತ್ರ ಇನ್ನೂ ಅಲ್ಲೇ, ಮಾಸ್ಕಿ ಬೇಸಿನ್ ಅನ್ನೋ ಕೊಲ್ಲಿಯ ಬಂಡೆಯ ಮೇಲೆ ಕೂತಿದೆ. ಬೆನ್ನಿಗೆ ಚೀಲ ಹಾಕಿಕೊಂಡು ದಿನಗಟ್ಟಲೆ ನಡೆಯುವ ಗೆಳೆಯರಿಗೆ ಒಂದು ಮಾತು ಹೇಳಲೇಬೇಕು ಅನ್ನಿಸಿತು.

ಐಲ್ ರಾಯಲ್ ಅಮೆರಿಕದ ಸುಪೀರಿಯರ್ ಸರೋವರದೊಳಗಿನ ದ್ವೀಪ. ಮಿಶಿಗನ್ ರಾಜ್ಯಕ್ಕೆ ಸೇರಿದ್ದು. 1940ರಿಂದ ರಾಷ್ಟ್ರೀಯ ಉದ್ಯಾನ. ಉದ್ದ ಸುಮಾರು 72 ಕಿಲೋಮೀಟರ್, ಅಗಲ ಹೆಚ್ಚೆಂದರೆ 14. ಕಾರು ಓಡುವ ರಸ್ತೆ ಇಲ್ಲ. ನಾವು ಪಶ್ಚಿಮ ತುದಿಯ ವಿಂಡಿಗೋದಲ್ಲಿ ಇಳಿದು, ಗ್ರೀನ್‌ಸ್ಟೋನ್ ಗುಡ್ಡಸಾಲಿನ ಮೇಲೆ ನಡೆದು, ಪೂರ್ವ ತುದಿಯ ರಾಕ್ ಹಾರ್ಬರ್‌ನಲ್ಲಿ ದೋಣಿ ಹತ್ತಬೇಕಿತ್ತು.

ಮೂರನೇ ರಾತ್ರಿ ಚಿಕನ್‌ಬೋನ್ ಕೆರೆಯ ಹತ್ತಿರ ಟೆಂಟು ಹಾಕಿದ್ದೆವು. ಗೆಳೆಯ ನಕ್ಷೆ ಬಿಚ್ಚಿ, "ಲೋ, ನಾಳೆ ಬೆಳಕು ಹರಿಯೋಕ್ ಮುಂಚೆ ಹೊರಡೋಣ ಕಣೋ. ಸಂಜೆಗೆ ರಾಕ್ ಹಾರ್ಬರ್ ಮುಟ್ಟಿಬಿಡಬಹುದು. ಅಲ್ಲಿ ಸ್ನಾನ ಮಾಡಬಹುದು" ಅಂದ.

ಅವನದು ತಪ್ಪಲ್ಲ. ಮೂರು ದಿನದ ಬೆವರು, ಒದ್ದೆ ಸಾಕ್ಸು. ಅದರ ಮೇಲೆ ಆ ಕೆರೆಯ ನೀರಿನ ಕೆಸರಿಗೆ ಫಿಲ್ಟರ್ ಕಟ್ಟಿಕೊಂಡಿತ್ತು. ಒಂದು ಬಾಟಲಿ ತುಂಬಲು ಕೈ ಸೋಲುತ್ತಿತ್ತು. ಹಾಗಂತ ಫಿಲ್ಟರ್ ಬಿಡುವ ಹಾಗೂ ಇಲ್ಲ. ತೋಳ ಮತ್ತು ಮೂಸ್‌ಗಳ (ಜಿಂಕೆ ಜಾತಿಯ ದೊಡ್ಡ ಪ್ರಾಣಿ) ನಡುವೆ ಸುತ್ತುವ ಒಂದು ಲಾಡಿಹುಳುವಿನ ಮೊಟ್ಟೆ ಅಲ್ಲಿನ ನೀರಿನಲ್ಲಿರಬಹುದು. ಅದಕ್ಕೆ ನೀರು ಶುದ್ಧ ಮಾಡುವ ಮಾತ್ರೆ, ಯುವಿ ಬೆಳಕು ಸಾಲದು. ಸೋಸಬೇಕು, ಇಲ್ಲಾ ಕುದಿಸಬೇಕು.

ಆದರೆ ದೋಣಿಗೆ ಇನ್ನೂ ನಾಲ್ಕು ದಿನ ಇತ್ತು. "ಬೇಗ ಹೋಗಿ ಏನ್ ಮಾಡ್ತೀಯ?" ಅಂದೆ. ಬೆಳಿಗ್ಗೆ ಅವನ ಮಂಡಿ ಊದಿತ್ತು. ವಾದ ಅಲ್ಲಿಗೆ ಮುಗಿಯಿತು.

ನಾವೆಲ್ಲ ಮೊದಲ ದಿನಕ್ಕೆ ಎಷ್ಟೊಂದು ತಯಾರಿ ಮಾಡುತ್ತೇವೆ, ಅಲ್ವಾ? ಎಷ್ಟು ನಡೆಯಬೇಕು, ಎಲ್ಲಿ ಉಣ್ಣಬೇಕು, ಎಲ್ಲಾ ಬರೆದಿಡುತ್ತೇವೆ. ಕೊನೆಯ ದಿನಗಳನ್ನು ಮಾತ್ರ "ಹೇಗೋ ಆಗುತ್ತೆ" ಅಂತ ಬಿಡುತ್ತೇವೆ. ನನ್ನ ಪ್ರಕಾರ ನಡಿಗೆ ಶುರುವಾಗುವುದೇ ಆಗ. ಊಟ ಖಾಲಿಯಾಗಿ ಚೀಲ ಹಗುರವಾಗಿರುತ್ತದೆ. ಭುಜ ಪಟ್ಟಿಗೆ ಒಗ್ಗಿರುತ್ತದೆ. ತಲೆಯೊಳಗಿನ ಆಫೀಸು ಮೂರನೇ ದಿನಕ್ಕೆ ಸುಮ್ಮನಾಗುತ್ತದೆ. ಕಿವಿ ಆಗಷ್ಟೇ ತೆರೆಯುತ್ತದೆ. ಸರಿಯಾಗಿ ಅದೇ ಹೊತ್ತಿಗೆ ನಾವು ಓಡಲು ಶುರು ಮಾಡುತ್ತೇವೆ.

ಮಾಸ್ಕಿ ಬೇಸಿನ್ ಮಧ್ಯಾಹ್ನದೊಳಗೇ ಸಿಕ್ಕಿತು. ಅಲ್ಲಿ ತಂಗಲು ಮರದ ಶೆಲ್ಟರ್‌ಗಳಿವೆ. ಮೂರು ಕಡೆ ಗೋಡೆ, ಮುಂದೆ ಸೊಳ್ಳೆ ಪರದೆ. ಮೊದಲು ಬಂದವರಿಗೆ ಮೊದಲು. ಎದುರಿಗೆ ದೊಡ್ಡ ಬಂಡೆ ನೀರಿನೊಳಕ್ಕೆ ಇಳಿದಿದೆ. ಒಳನಾಡಿನ ಕೆರೆಗಳ ಕಂದು ನೀರು ಮುಗಿದು ಸುಪೀರಿಯರ್‌ನ ತಿಳಿ ನೀರು ಶುರುವಾಗಿತ್ತು. ಗೆಳೆಯ ಮಂಡಿಯನ್ನು ಆ ತಣ್ಣೀರಿನಲ್ಲಿ ಇಟ್ಟು ಕೂತ.

ಸಂಜೆ ಒಂದು ಹೆಣ್ಣು ಮೂಸ್ ಮರಿಯ ಜೊತೆ ನೀರಿಗಿಳಿಯಿತು. ತಲೆ ಮುಳುಗಿಸಿ ಗಿಡ ಕಿತ್ತು ತಿಂತು. ನಾವು ದೂರದಿಂದ ನೋಡಿದೆವು. ಮರಿ ಇರುವ ತಾಯಿಯ ಹತ್ತಿರ ಹೋಗಬಾರದು. ಒಂದು ಗಂಟೆ ಇಬ್ಬರೂ ಮಾತಾಡಲಿಲ್ಲ. ಕತ್ತಲಾದ ಮೇಲೆ ಲೂನ್ ಹಕ್ಕಿ ಕೂಗಿತು. ಆ ಕೂಗನ್ನು ಬರೆದು ತೋರಿಸಲು ನನ್ನಿಂದ ಆಗದು.

ಮರುದಿನ ಡೈಸಿ ಫಾರ್ಮ್ ಅನ್ನೋ ತಂಗುದಾಣಕ್ಕೆ ಆರು ಕಿಲೋಮೀಟರಿನಷ್ಟು. ಚೀಲ ಅಲ್ಲಿಟ್ಟು, ನಾನೊಬ್ಬನೇ ನಿಧಾನಕ್ಕೆ ಮೌಂಟ್ ಓಜಿಬ್ವೆ ಹತ್ತಿದೆ. ಮೇಲಿನ ಹಳೇ ಬೆಂಕಿ ಕಾವಲು ಗೋಪುರದಿಂದ ಕೆನಡಾದ ದಡ ಕಾಣುತ್ತದೆ. ದಾರಿಯ ಕೆಸರಿನಲ್ಲಿ ಒಂದು ದೊಡ್ಡ ಹೆಜ್ಜೆ ಗುರುತು ಇತ್ತು. ದ್ವೀಪಕ್ಕೆ ನಾಯಿ ತರುವ ಹಾಗಿಲ್ಲ. ಹಾಗಾಗಿ ತೋಳದ್ದೇ ಇರಬೇಕು. ಅದರ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಈ ದ್ವೀಪದ ತೋಳ ಮತ್ತು ಮೂಸ್‌ಗಳನ್ನು ವಿಜ್ಞಾನಿಗಳು 1958ರಿಂದ ಬಿಡದೆ ನೋಡುತ್ತಾ ಬಂದಿದ್ದಾರೆ. 2018ರಲ್ಲಿ ಉಳಿದಿದ್ದು ಎರಡೇ ತೋಳ. ಮೊದಲು ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದಾಗ ಮಂಜಿನ ಮೇಲೆ ಹೊಸ ತೋಳಗಳು ಬರುತ್ತಿದ್ದವು. ಚಳಿ ಕಡಿಮೆಯಾಗುತ್ತಾ ಆ ದಾರಿ ಅಪರೂಪವಾಯಿತು. ಕೊನೆಗೆ 2018 ಮತ್ತು 2019ರಲ್ಲಿ ಹೊರಗಿನಿಂದ 19 ತೋಳಗಳನ್ನು ತಂದು ಬಿಟ್ಟರು. ಅಷ್ಟೆಲ್ಲ ಕಥೆ ಇರುವ ಒಂದು ಹೆಜ್ಜೆ. ಓಡುತ್ತಿದ್ದರೆ ತುಳಿದುಕೊಂಡು ಹೋಗುತ್ತಿದ್ದೆ.

ಅದೇ ರಾತ್ರಿ ತುಂಬಾ ತಡವಾಗಿ ಒಂದು ಗುಂಪು ಬಂತು. ತಲೆಗೆ ಕಟ್ಟಿದ ಲೈಟು, ಕಾಲೆಳೆಯುವ ಸದ್ದು. ನಾವು ಏಳುವ ಹೊತ್ತಿಗೆ ಅವರು ಹೊರಟೇ ಹೋಗಿದ್ದರು. ಅವರಿಗೆ ದೋಣಿ ಹಿಡಿಯಬೇಕಿತ್ತೇನೋ. ನನಗೆ ಹೊಟ್ಟೆಯಲ್ಲಿ ಸಂಕಟ ಆಯ್ತು. ಅಷ್ಟು ದೂರ ಬಂದು, ಎದುರಿಗಿದ್ದ ನೀರನ್ನು ಅವರು ಬೆಳಕಿನಲ್ಲಿ ನೋಡಲೇ ಇಲ್ಲ.

ಇನ್ನೊಂದು ವಿಷಯ. ಡೈಸಿ ಫಾರ್ಮ್‌ನಿಂದ ಮುಂದೆ ದಾರಿ ನೀರಿನ ಅಂಚಿನಲ್ಲೇ ಹೋಗುತ್ತದೆ. ನಕ್ಷೆಯಲ್ಲಿ ಸಲೀಸು ಅನ್ನಿಸುತ್ತದೆ. ಅಲ್ಲ. ಬಂಡೆ, ಬೇರು, ಮತ್ತೆ ಬಂಡೆ. ದಣಿದ ಕಾಲು ಅವಸರದಲ್ಲಿ ಜಾರುವುದೇ ಇಂಥ ಕಡೆ. ನಾವು ಮಧ್ಯದ ತ್ರೀ ಮೈಲ್ ಅನ್ನೋ ತಂಗುದಾಣದಲ್ಲಿ ಇನ್ನೊಂದು ರಾತ್ರಿ ಉಳಿದೆವು. ದಾರಿಯುದ್ದಕ್ಕೂ ಥಿಂಬಲ್‌ಬೆರ್ರಿ ಹಣ್ಣಾಗಿತ್ತು. ಕೆಂಪು, ಹುಳಿ, ಮುಟ್ಟಿದರೆ ಕೈಗೇ ಉದುರುವಷ್ಟು ಮೆತ್ತಗೆ.

ನೀವು ಹೋಗುವುದಾದರೆ ದೋಣಿ ಟಿಕೆಟ್ ಮಾಡುವಾಗಲೇ ಎರಡು ರಾತ್ರಿ ಜಾಸ್ತಿ ಇಟ್ಟುಕೊಳ್ಳಿ. ಉದ್ದದ ನಡಿಗೆಗಳೆಲ್ಲ ಮೊದಲರ್ಧಕ್ಕೆ ಬರಲಿ. ಕೊನೆಯ ರಾತ್ರಿ ದೋಣಿಕಟ್ಟೆಗೆ ಹತ್ತಿರವೇ ಮಲಗಿ. ಗಾಳಿ ಜೋರಾದರೆ ದೋಣಿ ನಿಲ್ಲಬಹುದು, ಒಂದು ದಿನದ ಊಟ ಮಿಗಿಸಿಡಿ. ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ದ್ವೀಪ ಪೂರ್ತಿ ಮುಚ್ಚಿರುತ್ತದೆ.

ಏಳನೇ ಬೆಳಿಗ್ಗೆ ರಾಕ್ ಹಾರ್ಬರ್ ಮುಟ್ಟಿದೆವು. ಸ್ನಾನದ ಮನೆ ಅಲ್ಲೇ ಕಣ್ಣೆದುರಿಗಿತ್ತು. ಗೆಳೆಯ ಚೀಲ ಇಳಿಸಿ ನೀರಿನ ಕಡೆ ಮುಖ ಮಾಡಿ ಕೂತ.

"ಸ್ನಾನ ಮಾಡಲ್ವೇನೋ?" ಅಂದೆ.

"ಇರೋ, ಇನ್ನೂ ಟೈಮಿದೆ" ಅಂದ. ದೋಣಿ ಬರುವವರೆಗೂ ಏಳಲಿಲ್ಲ.