ಬಚ್ಚಲಲ್ಲಿ ಅರಬ್ಬೀ ಸಮುದ್ರ

ಮುಳುಗಿಸೋದಕ್ಕೂ ಇಷ್ಟೊಂದು ಲೆಕ್ಕ ಬೇಕು ಅಂತ ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯವರು ಕೈಹಾಕಿದ ಶೇರು, ಚೀಟಿ, ಗೆಳೆಯನ ಜೊತೆ ಪಾಲಿನಲ್ಲಿ ತೆಗೆದ ಖಾನಾವಳಿ ಎಲ್ಲವೂ ತಾವಾಗಿಯೇ ಮುಳುಗಿದ್ದವು. ಹಾಗಾಗಿ ಜಲಾಂತರ್ಗಾಮಿ ಕಟ್ಟುತ್ತೇನೆ ಅಂದಾಗ, ಇದೊಂದಾದರೂ ಸಲೀಸಾಗಿ ಆದೀತು ಅಂದುಕೊಂಡೆ.

ಎಲ್ಲಾ ಮುಂಬೈಯ ಹಾರ್ಬರ್ ಲೈನ್ ರೈಲಿನ ಪ್ರಭಾವ. ಚೆಂಬೂರಿನಿಂದ ಲೋಕಲ್ಲು ಹತ್ತಿದರೆ ದಾರಿಯಲ್ಲಿ ಡಾಕ್‌ಯಾರ್ಡ್ ರೋಡ್ ಸಿಗುತ್ತದೆ. ಅಲ್ಲೇ ಹಡಗು ಕಟ್ಟುವ ಮಝಗಾಂವ್ ಡಾಕು. ಭಾರತದಲ್ಲಿ ಕಟ್ಟಿದ ಮೊದಲ ಜಲಾಂತರ್ಗಾಮಿ ಐಎನ್‌ಎಸ್ ಶಾಲ್ಕಿ ಅಲ್ಲಿಂದ ಹೊರಟು 1992ರಲ್ಲಿ ನೌಕಾಪಡೆ ಸೇರಿತಂತೆ. ದಿನಾ ಆ ಕಡೆ ಕತ್ತು ಚಾಚಿ ಚಾಚಿ ಇವರಿಗೆ ಹುಳ ಹೊಕ್ಕಿತು. ‘1620ರಾಗ ಡ್ರೆಬೆಲ್ ಅನ್ನಾಂವ ಕಟ್ಟಿಗಿ ದೋಣಿಗೆ ಚರ್ಮಾ ಹೊದಿಸಿ, ಲಂಡನ್ನಿನ ಥೇಮ್ಸ್ ನದಿಯೊಳಗ ಹುಟ್ಟು ಹಾಕಿಸಿಕೋತ ಹೋಗಿದ್ನಂತ. ಮೋಟಾರ್ ಇದ್ದೂ ನನ್ನ ಕೈಲೆ ಆಗೂದಿಲ್ಲೇನು?’ ಅಂದರು. ಪಾಪ, ಡ್ರೆಬೆಲ್‌ನ ಹೆಂಡತಿಯ ಬಚ್ಚಲು ಏನಾಗಿತ್ತೋ.

ನಾಗದೇವಿ ಸ್ಟ್ರೀಟಿನಿಂದ ನೀರು ಸೋರದಂತೆ ತಡೆಯುವ ರಬ್ಬರಿನ ಓ-ರಿಂಗು, ಹಿತ್ತಾಳೆ ನಳಿಗೆ, ಗ್ರೀಸು ಬಂದವು. ಲ್ಯಾಮಿಂಗ್ಟನ್ ರೋಡಿನಿಂದ ಮೋಟಾರು, ಬ್ಯಾಟರಿ. ಮೈಗೆ 110 ಮಿ.ಮೀ. ದಪ್ಪ, 2 ಅಡಿ ಉದ್ದದ ಪಿವಿಸಿ ಪೈಪು. ಎರಡೂ ಬಾಯಿ ಮುಚ್ಚಿ ಬಚ್ಚಲಿನ ನೀಲಿ ಡ್ರಮ್ಮಿಗೆ ಬಿಟ್ಟರೆ ಅದು ಆರಾಮಾಗಿ ತೇಲಿತು. ಒತ್ತಿ ಒಳಗೆ ತಳ್ಳಿದರೆ ಪುಟಿದು ಇವರ ಗದ್ದಕ್ಕೇ ಬಡಿಯಿತು. ಪೈಪು ಪೂರಾ ಮುಳುಗಿದರೆ ಪಕ್ಕಕ್ಕೆ ಸರಿಸುವ ನೀರು ಸುಮಾರು 5.8 ಲೀಟರು, ತಾನೂ ಅಷ್ಟೇ ಕೆಜಿ ತೂಗುವವರೆಗೆ ಅದು ಕೆಳಗಿಳಿಯುವುದಿಲ್ಲ. ಆರ್ಕಿಮಿಡೀಸನ ಈ ಸೂತ್ರಕ್ಕೆ ನಮ್ಮನೆಯಲ್ಲಿ ಬಲಿಯಾದದ್ದು ನನ್ನ ಹಿತ್ತಾಳೆ ಕುಟ್ಟಾಣಿ. ಅದು ಪೈಪಿನೊಳಗೆ ಹೋದ ಮೇಲೆ ಏಲಕ್ಕಿಯನ್ನು ಲಟ್ಟಣಿಗೆಯಲ್ಲೇ ಜಜ್ಜುತ್ತಿದ್ದೇನೆ.

ಆಮೇಲೆ ಶುರುವಾಯಿತು ಸುಧಾರಣೆ. ಮೋಟಾರಿನಿಂದ ಎಳೆಯುವ 60 ಮಿಲಿಯ ದೊಡ್ಡ ಸಿರಿಂಜು ಕೂರಿಸಿದರು. ಅದು ನೀರು ಕುಡಿದರೆ ಇಳಿಯಬೇಕು, ಉಗುಳಿದರೆ ಏಳಬೇಕು. ಇಳಿಯಿತು, ಏಳಲಿಲ್ಲ. ನೀರು ತಳ್ಳುವ ಹಿಂದಿನ ಫ್ಯಾನಿನ ಸರಳು ಹೊರಬರುವ ತೂತಿನಲ್ಲೋ ಮುಚ್ಚಳದಲ್ಲೋ ಸೋರುತ್ತಿತ್ತು. ಪೈಪಿನ ಒಳಗೆಲ್ಲ ಟಿಶ್ಯೂ ಪೇಪರ್ ಅಂಟಿಸಿ ಮುಳುಗಿಸಿ, ತೆಗೆದು, ಟಾರ್ಚು ಹಿಡಿದು ಯಾವ ಮೂಲೆ ಒದ್ದೆಯಾಗಿದೆ ಅಂತ ಹುಡುಕುವುದು. ರಾತ್ರಿ ಹನ್ನೊಂದಕ್ಕೆ ಗಂಡಸು ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಟಿಶ್ಯೂ ಮುಟ್ಟಿ ಮುಟ್ಟಿ ನೋಡುವ ದೃಶ್ಯ ಯಾವ ಹೆಂಡತಿಗೂ ಬೇಡ.

ಸೋರುವುದು ನಿಂತಿತು, ರಿಮೋಟು ಕೈಕೊಟ್ಟಿತು. ಅದರ 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ಹೀರಿಬಿಡುತ್ತದಂತೆ. ತುಸು ಆಳಕ್ಕೆ ಇಳಿಯಿತೋ, ಹೇಳಿದ ಮಾತು ಕೇಳುವುದಿಲ್ಲ. ಕೊನೆಗೆ ಲ್ಯಾನ್ ಕೇಬಲ್ಲನ್ನೇ ಜೋಡಿಸಿದರು. ‘ಆಕಳ ಕರಾ ಕಟ್ಟಿದಂಗ ಕಟ್ಟೀಯಲ್ಲೋ!’ ಅಂದರು ನಮ್ಮತ್ತೆ.

ಇಷ್ಟಕ್ಕೇ ನಿಂತಿದ್ದರೆ ನಾನು ಬರೆಯುತ್ತಿರಲಿಲ್ಲ. ಇವರಿಗೆ ಸಮುದ್ರದ ಚಿಂತೆ ಹತ್ತಿತು. ಸಮುದ್ರದ ನೀರು ನಳದ ನೀರಿಗಿಂತ ಶೇಕಡಾ 2.5ರಷ್ಟು ಭಾರ. ಡ್ರಮ್ಮಿನಲ್ಲಿ ಸರಿತೂಗಿದ್ದು ಅಲ್ಲಿ ಮುಳುಗಬೇಕಾದರೆ ಇನ್ನೂ 145 ಗ್ರಾಂ ಬೇಕು. ಸಿರಿಂಜು ಕುಡಿಯುವುದೇ 60! ಹಾಗಾದರೆ ಮನೆಯಲ್ಲೇ ಸಮುದ್ರ ಮಾಡಿ ನೋಡಬೇಕು. ಲೀಟರಿಗೆ 35 ಗ್ರಾಂ ಉಪ್ಪು, 200 ಲೀಟರಿನ ಡ್ರಮ್ಮಿಗೆ 7 ಕೆಜಿ. ತರುವ ಕೆಲಸ ನನ್ನದು. ಕಿರಾಣಿ ಅಂಗಡಿಯವನು ನನ್ನನ್ನೂ ಉಪ್ಪನ್ನೂ ನೋಡಿ ‘ಲೋಣಚ್ಯಾಸಾಠಿ ಕಾ, ವಹಿನಿ?’ ಅಂದ. ಹೌದಪ್ಪ, ಉಪ್ಪಿನಕಾಯಿಗೇ ಅಂತ ತಲೆಯಾಡಿಸಿ ಬಂದೆ. ನಿಜ ಹೇಳಿದ್ದರೆ ಯಾರ ಮರ್ಯಾದೆ ಹೋಗುತ್ತಿತ್ತು?

ರಾತ್ರಿ ಉಪ್ಪು ಕದಡಿ ಮಲಗಿದರು. ಬೆಳಿಗ್ಗೆ ನಳಕ್ಕೆ ನೀರು ಬರಲಿಲ್ಲ. ಅತ್ತೆಗೆ ಹೇಳುವುದು ಇವರಿಗೆ ನೆನಪಿರಲಿಲ್ಲ; ಸೋಮವಾರ ಬೇರೆ, ಅವರು ಡ್ರಮ್ಮಿನಿಂದ ತೋಡಿಕೊಂಡು ತಲೆಮೇಲೆ ಸ್ನಾನ ಮಾಡಿದರು. ‘ಅಯ್ಯ ಶಿವನೇ, ಕಣ್ಣು!’ ಅಂತ ಕೂಗು. ನಾನು ಓಡಿಹೋಗುವಷ್ಟರಲ್ಲಿ ತುಟಿ ನೆಕ್ಕಿ ರುಚಿಯನ್ನೂ ನೋಡಿದ್ದರು. ‘ಗೋಕರ್ಣಕ್ಕ ಕರಕೊಂಡು ಹೋಗೋ, ಸಮುದ್ರಸ್ನಾನ ಮಾಡಬೇಕು ಅಂತ ನಿನ್ನ ಲಗ್ನ ಆದಾಗಿಂದ ಹೇಳಾಕತ್ತೀನಿ. ರೈಲಿನ ಖರ್ಚು ಉಳಿಸಾಕ ಸಮುದ್ರಾನ ಮನಿಗೆ ತಂದ್ಯಾ?’

ಮಗರಾಯರು ಪೆನ್ನು ತಗೊಂಡು ಬಂದರು. ‘ಎಷ್ಟ ತಂಬಿಗಿ ಹಾಕ್ಕೊಂಡಿ, ಅವ್ವಾ?’

ಎಷ್ಟು ನೀರು ಹೋಯಿತೋ ಅಷ್ಟಕ್ಕೆ ಮತ್ತೆ ಉಪ್ಪು ಬೇಕಲ್ಲ! ಈ ಸಲ ಇವರೇ ಅಂಗಡಿಗೆ ಹೋದರು. ಅಲ್ಲಿಗೆ ಸೊಸೈಟಿಯಲ್ಲೆಲ್ಲ ನಮ್ಮನೆ ಉಪ್ಪಿನಕಾಯಿಯ ಸುದ್ದಿ ಹಬ್ಬಿತು. ಮೂರನೇ ಮಹಡಿಯ ಗುಜರಾತಿ ಬೆನ್ ದಪ್ಪ ಗಾಜಿನ ಖಾಲಿ ಬರಣಿ ಕಳಿಸಿದ್ದಾರೆ, ತುಂಬಿಸಿ ಕೊಡಿ ಅಂತ. ಏನು ತುಂಬಿಸಲಿ ಎಂದು ನಾನು ಯೋಚಿಸುತ್ತಿದ್ದರೆ, ಇವರು ಆಗಲೇ ಅದರ ಬಾಯಿಗೆ ಅಳತೆ ಟೇಪು ಹಿಡಿದಿದ್ದಾರೆ.

‘ಮುಂದಿನ ಕಿಟಕಿಗೆ ಬರೋಬರಿ ಐತಿ ನೋಡು!’